ಕಾರಣಮ್ಮನ ಮಹಾಯುದ್ಧ

ಅಕ್ಕ ಮೇಲಿನ ಮನೆಯಲ್ಲಿ, ತಂಗಿ ಕೆಳಗಿನ ಮನೆಯಲ್ಲಿ, ನಡುವೆ ಒಂದು ಹೊಲಿಗೆ ಮೆಷಿನ್. ಮೆಟ್ಟಿಲು ತಿರುಗುವ ಜಾಗದಲ್ಲಿ ಹಳೇ ಬೆಡ್‌ಶೀಟ್ ಹೊದ್ದುಕೊಂಡು, ಯಾರಿಗೂ ಬೇಡವಾದ ನೆಂಟನ ಹಾಗೆ ಅದು ಕೂತಿತ್ತು. ಬೆಳಿಗ್ಗೆ ಶಾಲೆಗೆ ಇಳಿಯುವಾಗ ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಅದನ್ನು ದಾಟುತ್ತಿದ್ದಳು. ತಾರಸಿಗೆ ಬಟ್ಟೆ ಒಣಹಾಕಲು ಹತ್ತುವಾಗ ತಂಗಿ ಬಕೆಟ್ಟನ್ನು ಅದಕ್ಕೆ ಢಣ್ಣೆಂದು ಬಡಿದೇ ಹೋಗುತ್ತಿದ್ದಳು. ಬಡಿಯದೆ ಹೋಗಲು ಜಾಗವಿರಲಿಲ್ಲವೆಂದಲ್ಲ. ಮೇಲಿನವಳ ಕಿವಿಗೆ ಬೀಳಬೇಕಲ್ಲ!

ಇವರನ್ನು ಹಾವು ಮುಂಗುಸಿ ಎಂದರೆ ಆ ಪ್ರಾಣಿಗಳಿಗೆ ಅವಮಾನ. ಅವು ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಸೂರಿನಡಿ ಮಲಗಿ, ಒಂದೇ ಶಾಲೆಯಲ್ಲಿ ಪಾಠ ಮಾಡುವುದಿಲ್ಲ. ಅಕ್ಕ ಇತಿಹಾಸದ ಮೇಡಂ. ಯಾರಾದರೂ ತಡವಾಗಿ ಬಂದರೂ, ಬೆಂಚಿನ ಕಾಲು ಮುರಿದರೂ, ಮಳೆ ಬಂದರೂ "ಕಾರಣ ಏನು?" ಎಂದು ಕೇಳುತ್ತಿದ್ದುದರಿಂದ ಮಕ್ಕಳು ಅವಳಿಗೆ ಕಾರಣಮ್ಮ ಎಂದು ಹೆಸರಿಟ್ಟಿದ್ದರು. ತಂಗಿ ವಿಜ್ಞಾನದ ಮೇಡಂ. ಒಳಗಿರುವುದೆಲ್ಲ ಮುಖದ ಬಣ್ಣದಲ್ಲಿ ಕಾಣುತ್ತಿದ್ದುದರಿಂದ ಅವಳು ಲಿಟ್ಮಸ್. ಇಬ್ಬರಿಗೂ ಈ ಹೆಸರುಗಳು ಗೊತ್ತಿದ್ದವು. ತಂಗಿಯ ಹೆಸರು ಕೇಳಿದಾಗಲೆಲ್ಲ ಅಕ್ಕನಿಗೆ ಒಳಗೊಳಗೇ ಖುಷಿ, ಅಕ್ಕನ ಹೆಸರು ಕೇಳಿದಾಗಲೆಲ್ಲ ತಂಗಿಗೆ.

ಸ್ಟಾಫ್ ರೂಮಿನಲ್ಲಿ ಉದ್ದನೆಯ ಮೇಜು ಒಂದೇ, ಆದರೆ ಅದಕ್ಕೆ ಕಿಟಕಿ ಪಕ್ಷ, ಕಪಾಟಿನ ಪಕ್ಷ ಎಂದು ಎರಡು ಪಕ್ಷ. ಆಟದ ಮೇಷ್ಟ್ರು ಕಿಟಕಿಯ ಕಡೆ, ಅಂದರೆ ಕಾರಣಮ್ಮನ ಕಡೆ. ಚಿತ್ರಕಲೆಯ ಮೇಡಂ ಕಪಾಟಿನ ಕಡೆ. ಈ ಇಬ್ಬರಿಗೂ ಅಕ್ಕತಂಗಿಯರ ಜಗಳದಲ್ಲಿ ಕವಡೆ ಕಾಸಿನ ಲಾಭವಿರಲಿಲ್ಲ. ಆದರೂ ಒಬ್ಬರ ಮಾತಿಗೆ ಉಪ್ಪುಖಾರ ಹಚ್ಚಿ ಇನ್ನೊಬ್ಬರಿಗೆ ಮುಟ್ಟಿಸದೆ ಇವರಿಗೆ ಚಹಾ ಇಳಿಯುತ್ತಿರಲಿಲ್ಲ. ಮುಖ್ಯೋಪಾಧ್ಯಾಯರಂತೂ ಯಾರು ಬಂದು ದೂರಿದರೂ ಅದೇ ಹದದಲ್ಲಿ ತಲೆಯಾಡಿಸಿ, "ನೋಡೋಣ" ಎಂದು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಇಷ್ಟು ವೈರದ ನಡುವೆ ಒಂದು ಹುಡುಗಿ. ತಂಗಿಯ ಒಬ್ಬಳೇ ಮಗಳು. ಗಲ್ಲದ ಮೇಲೆ ಮಚ್ಚೆಯಿದ್ದುದರಿಂದ ಮನೆಯಲ್ಲಿ ಅವಳು ಚುಕ್ಕಿ. ಕಾರಣಮ್ಮ ಮದುವೆಯ ಗೋಜಿಗೆ ಹೋದವಳಲ್ಲ. ತಂಗಿಯ ಗಂಡ ದೂರದೂರಿನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ, ರಜೆಗಷ್ಟೇ ಬರುತ್ತಿದ್ದ. ಹಾಗಾಗಿ ಚುಕ್ಕಿ ಬೆಳೆದದ್ದೇ ಮೆಟ್ಟಿಲ ಮೇಲೆ, ಕೆಳಗೆ ಉಂಡು, ಮೇಲೆ ಓದಿ, ಎಲ್ಲಿ ನಿದ್ದೆ ಬಂದರೆ ಅಲ್ಲಿ ಮಲಗಿ. ತಲೆ ಬಾಚಿದ್ದು ದೊಡ್ಡಮ್ಮ, ಮಗ್ಗಿ ಕಲಿಸಿದ್ದು ದೊಡ್ಡಮ್ಮ, ಸುಳ್ಳು ಹೇಳಿದಾಗ ಕಿವಿ ಹಿಂಡಿದ್ದೂ ದೊಡ್ಡಮ್ಮನೇ. ಜಗಳವಾದ ಮೇಲೆ ಆ ಹುಡುಗಿ ಮೇಲೆ ಹತ್ತುವುದನ್ನು ಬಿಟ್ಟಳು. ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು, "ನಮಸ್ತೆ ಮೇಡಂ" ಎನ್ನುತ್ತಿದ್ದಳು. ಮನೆಯ ಮೆಟ್ಟಿಲಲ್ಲಿ ಮೇಡಂ! ಆ ಒಂದು ಮಾತು ಕಾರಣಮ್ಮನ ಕರುಳಿಗೆ ಚುಚ್ಚುತ್ತಿತ್ತು. ತಂಗಿ ಹೋಗಲಿ, ಮನೆ ಹೋಗಲಿ, ತಾರಸಿಯೂ ಹಾಳಾಗಿ ಹೋಗಲಿ, ಈ ಹುಡುಗಿಯ ಬಾಯಲ್ಲಿ ಮತ್ತೆ ದೊಡ್ಡಮ್ಮ ಎನ್ನಿಸಿಕೊಳ್ಳಬೇಕು ಎಂಬುದೊಂದೇ ಅವಳಿಗಿದ್ದ ಆಸೆ. ಆದರೆ ಕೇಳಿ ಅನ್ನಿಸಿಕೊಳ್ಳುವ ಜಾಯಮಾನ ಅವಳದಲ್ಲ.

ಆ ವರ್ಷ ಒಂಬತ್ತನೇ ತರಗತಿಗೆ ಮೊದಲ ಮಹಾಯುದ್ಧದ ಕಾರಣಗಳು ಎಂಬ ಪಾಠ ಬಂತು. ಬೇರೆ ಶಾಲೆಗಳಲ್ಲಿ ಈ ಪಾಠವೆಂದರೆ ಕಾರಣಗಳನ್ನು ಬೋರ್ಡಿನ ಮೇಲೆ ಬರೆದು, ಬಾಯಿಪಾಠ ಮಾಡಿಸಿ, ಕೈ ತೊಳೆದುಕೊಳ್ಳುವುದು. ಕಾರಣಮ್ಮನ ದಾರಿ ಬೇರೆ. ಅವಳು ಮಕ್ಕಳನ್ನೇ ದೇಶ ಮಾಡಿ ಕೂರಿಸುತ್ತಿದ್ದಳು. ಒಂದೊಂದು ಡೆಸ್ಕಿನ ಅಂಚಿನಲ್ಲಿ ನೀರು ತುಂಬಿದ ಸ್ಟೀಲ್ ಲೋಟ. ಯಾವ ದೇಶ ಯಾವ ದೇಶದ ಬೆನ್ನಿಗೆ ನಿಲ್ಲುತ್ತೇನೆಂದು ಮಾತು ಕೊಟ್ಟಿತ್ತೋ ಆ ಎರಡು ಲೋಟಗಳ ನಡುವೆ ದಾರ. ಆಸ್ಟ್ರಿಯದ ರಾಜಕುಮಾರನಿಗೆ ಗುಂಡು ಬಿತ್ತು ಎಂದು ಅವಳು ಡಸ್ಟರಿನಿಂದ ಮೇಜು ಕುಟ್ಟಿದಾಗ ಆಸ್ಟ್ರಿಯ ತನ್ನ ದಾರ ಎಳೆಯಬೇಕು. ಆಮೇಲೆ ನೋಡಬೇಕು ತಮಾಷೆ! ಲೋಟದ ಮೇಲೆ ಲೋಟ ಉರುಳಿ, ನೆಲವೆಲ್ಲ ನೀರಾಗಿ, ಯುರೋಪಿಗೆ ಯುರೋಪೇ ಕಾಲೆತ್ತಿಕೊಂಡು ಬೆಂಚು ಹತ್ತುತ್ತಿತ್ತು.

ಆ ಗದ್ದಲವಡಗಿದ ಮೇಲೆ ನಿಜವಾದ ಪಾಠ. ಗುಂಡು ಬರೀ ಕಿಡಿ, ಸೌದೆ ಒಟ್ಟಿದವರು ಯಾರು, ಎಷ್ಟು ವರ್ಷದಿಂದ ಒಟ್ಟಿದರು ಎಂದು ಹುಡುಕಬೇಕು. ಯಾರು ಶುರು ಮಾಡಿದರು ಎಂಬ ಪ್ರಶ್ನೆಗೆ ಅವಳ ತರಗತಿಯಲ್ಲಿ ನಿಷೇಧವಿತ್ತು. ಅದು ಬೀದಿಜಗಳದವರ ಪ್ರಶ್ನೆ, ಇತಿಹಾಸದ್ದಲ್ಲ ಎನ್ನುತ್ತಿದ್ದಳು. ಬೋರ್ಡಿನ ಮೂಲೆಯಲ್ಲಿ ವರ್ಷವಿಡೀ ಅಳಿಸದೆ ಇಟ್ಟ ಮೂರು ಪ್ರಶ್ನೆಗಳಿದ್ದವು. ಹೇಳುತ್ತಿರುವವರು ಯಾರು? ಏನನ್ನು ಹೇಳದೆ ಬಿಟ್ಟಿದ್ದಾರೆ? ಯಾವ ದಿನ ನಿಲ್ಲಿಸಬಹುದಿತ್ತು?

ಆಸ್ಟ್ರಿಯ ಸರ್ಬಿಯಕ್ಕೆ ಕಳಿಸಿದ ಗಡುವಿನ ಪತ್ರದ ಕತೆಗೆ ಬಂದಾಗ ಅವಳಿಗೆ ಮೈಮೇಲೆ ಬಂದಂತಾಗುತ್ತಿತ್ತು. ಹತ್ತು ಷರತ್ತು ಹಾಕಿದರು, ಸರ್ಬಿಯ ಮೂಗು ಹಿಡಿದುಕೊಂಡು ಹೆಚ್ಚುಕಡಿಮೆ ಎಲ್ಲಕ್ಕೂ ಹೂಂ ಎಂದಿತು, ಒಂದಕ್ಕೆ ಮಾತ್ರ ಆಗುವುದಿಲ್ಲವೆಂದಿತು, ಅಷ್ಟಕ್ಕೇ ಆಸ್ಟ್ರಿಯ ಯುದ್ಧ ಸಾರಿತು. "ಇದರರ್ಥ ಏನು? ಅವರಿಗೆ ಉತ್ತರ ಬೇಕಾಗಿರಲಿಲ್ಲ, ಯುದ್ಧ ಬೇಕಾಗಿತ್ತು. ಸೊಕ್ಕು ಅಂದ್ರೆ ಇದು!" ಎಂದು ಅವಳು ಹೇಳುವಾಗ ಆ ಸಾಮ್ರಾಜ್ಯ ಅವಳ ಕೈಗೆ ಸಿಕ್ಕಿದ್ದರೆ ಹುರಿದು ಮುಕ್ಕುತ್ತಿದ್ದಳು. ಆಮೇಲೆ ರೈಲಿನ ಕತೆ. ಸೈನಿಕರನ್ನು ತುಂಬಿಕೊಂಡು ರೈಲುಗಳು ಹೊರಟಾಗಿತ್ತು, ವೇಳಾಪಟ್ಟಿ ಕೆಡುತ್ತದೆಂದು ವಾಪಸು ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ ಎಂದು.

ಚುಕ್ಕಿಗೆ ಅವಳು ಕೊಟ್ಟದ್ದು ಬೆಲ್ಜಿಯಂ. ಲೋಟವೂ ಇಲ್ಲ, ದಾರವೂ ಇಲ್ಲ. ನೀನು ಯಾರ ಕಡೆಯೂ ಅಲ್ಲ, ಸುಮ್ಮನೆ ಕೂತಿರು ಎಂದು ನಟ್ಟನಡುವಿನ ಡೆಸ್ಕಿನಲ್ಲಿ ಕೂರಿಸಿದ್ದಳು. ಹಾಗೆ ಹೇಳುವಾಗ ದನಿಯಲ್ಲಿ ಕೊಂಚ ಕೊಂಕು ಇದ್ದೇ ಇತ್ತು. ಲೋಟಗಳು ಉರುಳಿದಾಗ ಎರಡೂ ಕಡೆಯ ನೀರು ಹರಿದು ಬಂದು ನೆನೆಸಿದ್ದು ಆ ಹುಡುಗಿಯ ಪುಸ್ತಕವನ್ನೇ. ಅವಳು ಪುಸ್ತಕವನ್ನು ಕಿಟಕಿಯ ಮೇಲೆ ಬಿಸಿಲಿಗಿಟ್ಟಳು.

ಮಾರನೆಯ ದಿನ ಆಟದ ಮೇಷ್ಟ್ರು ಓಡೋಡಿ ಬಂದು ಸುದ್ದಿ ಮುಟ್ಟಿಸಿದರು. ಲಿಟ್ಮಸ್ ವರ್ಗಾವಣೆ ಕೇಳಿದ್ದಾರಂತೆ, ಗಂಡನ ಊರಿಗೆ, ಆದೇಶವೂ ಬಂದಿದೆಯಂತೆ, ರಜೆ ಶುರುವಾದ ಕೂಡಲೇ ಮಗಳನ್ನು ಕರೆದುಕೊಂಡು ಹೊರಡುತ್ತಾರಂತೆ. ಮೇಷ್ಟ್ರಿಗೆ ಗೆದ್ದ ಸಂಭ್ರಮ. ಶತ್ರು ಊರೇ ಬಿಟ್ಟು ಓಡುತ್ತಿದ್ದಾನೆ ಎಂಬಂತೆ ಬೆನ್ನು ತಟ್ಟಿಕೊಂಡರು.  ಕಾರಣಮ್ಮ ಅರ್ಧ ಕುಡಿದ ಚಹಾವನ್ನು ಹಾಗೇ ಬಿಟ್ಟು ಎದ್ದಳು.

ಆ ಸಂಜೆ ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯ ಬಾಗಿಲ ಬಳಿ ರಟ್ಟಿನ ಪೆಟ್ಟಿಗೆಗಳು ಕಂಡವು. ಹುಡುಗಿ ಹೋಗುತ್ತಾಳೆ. ಹೋಗುವುದಷ್ಟೇ ಅಲ್ಲ, ತಾಯಿ ಹೇಳಿದ ಕತೆಯನ್ನೇ ನಿಜವೆಂದು ನಂಬಿಕೊಂಡು ಹೋಗುತ್ತಾಳೆ. ದೊಡ್ಡಮ್ಮ ಕೆಟ್ಟವಳು, ಕಲ್ಲು ಮನಸ್ಸಿನವಳು ಎಂದು ಅಂದುಕೊಂಡೇ ದೊಡ್ಡವಳಾಗುತ್ತಾಳೆ. ಆಗಕೂಡದು. ಅವಳಿಗೆ ಸತ್ಯ ತಿಳಿಯಲೇಬೇಕು. ಕರೆದು ಹೇಳೋಣವೆಂದರೆ ಸ್ವಾಭಿಮಾನ ಅಡ್ಡ. ಆಗ ಕಾರಣಮ್ಮನಿಗೆ ಒಂದು ಉಪಾಯ ಹೊಳೆಯಿತು. ಇತಿಹಾಸದ ಮೇಡಂಗಳಿಗೆ ಮಾತ್ರ ಹೊಳೆಯಬಹುದಾದ, ಬುದ್ಧಿ ನೆಟ್ಟಗಿರುವ ಯಾರೂ ಹತ್ತಿರ ಸುಳಿಯಬಾರದ ಉಪಾಯ.

ಮರುದಿನ ತರಗತಿಯಲ್ಲಿ ಅವಳು ಭೂಪಟವನ್ನು ಸುತ್ತಿಟ್ಟಳು. ಇವತ್ತು ಪರೀಕ್ಷೆಗೆ ಅಭ್ಯಾಸ ಮಾಡೋಣ, ದೇಶಗಳ ಬದಲು ಒಂದು ಮನೆಯನ್ನು ತೆಗೆದುಕೊಳ್ಳೋಣ ಎಂದಳು. ತನ್ನ ಪರಿಚಯದವರ ಮನೆಯಂತೆ. ಮೇಲ್ಮನೆಯಲ್ಲಿ ಒಬ್ಬರು, ಕೆಳಮನೆಯಲ್ಲಿ ಒಬ್ಬರು. ಕಾರಣಗಳನ್ನು ಕಂಡುಹಿಡಿಯಿರಿ. ಇಡೀ ಶಾಲೆಗೆ ಗೊತ್ತಿದ್ದ ಮನೆ ಅದು! ಆದರೆ ಮಕ್ಕಳು ಮಹಾ ಕಿಲಾಡಿಗಳು. ಒಬ್ಬರೂ ಹುಬ್ಬು ಹಾರಿಸಲಿಲ್ಲ. ಎಲ್ಲರೂ ಪೆನ್ನು ತೆಗೆದು, ಏನೂ ಅರಿಯದವರ ಹಾಗೆ ನೆಟ್ಟಗೆ ಕೂತರು. ಚುಕ್ಕಿ ಮಾತ್ರ ಡೆಸ್ಕಿನ ಮೇಲೆ ಕಣ್ಣು ನೆಟ್ಟಳು.

ಕಾರಣಮ್ಮ ಬೋರ್ಡಿನ ಮೇಲೆ ಬರೆಯುತ್ತ ಹೋದಳು. ನೀರಿನ ಮೋಟಾರಿನ ಸ್ವಿಚ್ಚು ಕೆಳಮನೆಯಲ್ಲಿದೆ, ಮೇಲ್ಮನೆಯವರು ತಲೆಗೆ ಸೋಪು ಹಚ್ಚಿಕೊಂಡ ಹೊತ್ತಿಗೇ ಅವರು ಬೇಕಂತಲೇ ಆರಿಸುತ್ತಾರೆ. ತಾರಸಿಯ ಬೀಗದಕೈಯನ್ನು ಬೇಕಂತಲೇ ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಮೇಲ್ಮನೆಯವರು ಒಮ್ಮೊಮ್ಮೆ ಮೆಟ್ಟಿಲ ದೀಪ ಆರಿಸಬೇಕಾಗಿ ಬಂದದ್ದುಂಟು, ಕರೆಂಟು ಉಳಿಸುವ ದೃಷ್ಟಿಯಿಂದ. ಕೊನೆಗೊಂದು ದಿನ, ಇಬ್ಬರ ತಾಯಿ ತುಳಿಯುತ್ತಿದ್ದ ಹೊಲಿಗೆ ಮೆಷಿನ್ನನ್ನು ಕೆಳಮನೆಯವರು ಮೇಲ್ಮನೆಯವರಿಗೆ ಒಂದು ಮಾತೂ ಹೇಳದೆ ಯಾರಿಗೋ ಎತ್ತಿ ಕೊಟ್ಟುಬಿಟ್ಟರು. ಅದೇ ಕಿಡಿ. ಮಾತಿಗೆ ಮಾತು ಬೆಳೆಯಿತು. ಕೆಳಮನೆಯವರು ಆಡಬಾರದ ಮಾತಾಡಿದರು. ಅಲ್ಲಿಗೆ ಸಂಬಂಧ ಮುರಿಯಿತು.

ಆಡಬಾರದ ಆ ಮಾತನ್ನು ಅವಳು ಬೋರ್ಡಿನ ಮೇಲೆ ಬರೆಯಲಿಲ್ಲ. ಬರೆಯದಿದ್ದರೇನು, ಅವಳಿಗೆ ಅದು ಇವತ್ತಿಗೂ ಅಕ್ಷರಕ್ಕೆ ಅಕ್ಷರ ನೆನಪಿತ್ತು. ನಿನಗೊಂದು ಮಗು ಬೇಕಿದ್ದರೆ ಹೆತ್ತುಕೊಳ್ಳಬೇಕಿತ್ತು, ನನ್ನದನ್ನ ಕಿತ್ತುಕೊಳ್ಳಬಾರದು ಎಂದಿದ್ದಳು ತಂಗಿ. ನೀನು ಹೆತ್ತೆ ಅಷ್ಟೆ, ಜ್ವರ ಬಂದರೆ ಅದು ಕೂಗೋದು ನನ್ನನ್ನ ಎಂದು ಇವಳು ತಿರುಗಿ ಕೊಟ್ಟಿದ್ದಳು. ತನ್ನ ಈ ಮಾತು ಮಾತ್ರ ಅವಳಿಗೆ ಅಷ್ಟಾಗಿ ನೆನಪಿಗೆ ಬರುತ್ತಿರಲಿಲ್ಲ.

ಬರೆದು ಮುಗಿಸಿ ಕೈಯ ಸೀಮೆಸುಣ್ಣ ಒರೆಸಿಕೊಳ್ಳುತ್ತ ಅವಳು ತಿರುಗಿದಳು. ಎಲ್ಲ ಕಣ್ಣಿಗೆ ಕಟ್ಟಿದಂತೆ ಇದೆಯಲ್ಲ, ಇನ್ನು ಆ ಹುಡುಗಿಗೆ ಅರ್ಥವಾಗದಿದ್ದರೆ ಕೇಳಿ ಎಂಬ ತೃಪ್ತಿ ಮುಖದ ಮೇಲೆ. ಮುಂದಿನ ಬೆಂಚಿನಲ್ಲಿ ಒಬ್ಬಳು ವಾದಗಿತ್ತಿಯಿದ್ದಳು, ಎಲ್ಲರೂ ವಕೀಲೆ ಎಂದೇ ಕರೆಯುತ್ತಿದ್ದರು. ಕೈಯೆತ್ತಿದ್ದು ಅವಳೇ.

"ಮೇಡಂ, ಮೊದಲನೇ ಪ್ರಶ್ನೆ. ಇದನ್ನ ಹೇಳ್ತಿರೋರು ಮೇಲ್ಮನೆಯವರಾ?"

ಕಾರಣಮ್ಮ ಒಪ್ಪಬೇಕಾಯಿತು. ಹಾಗಾದರೆ ಕೆಳಮನೆಯವರ ಮಾತು ಎಲ್ಲಿ, ಒಂದೇ ಕಡೆಯ ದಾಖಲೆ ನಂಬಬೇಡಿ ಅಂತ ನೀವೇ ಹೇಳಿಕೊಟ್ಟಿದ್ದೀರಲ್ಲ ಎಂದು ವಕೀಲೆ ಪಟ್ಟು ಹಿಡಿದಳು. ಹಿಂದಿನ ಬೆಂಚಿನಿಂದ ಕಂಬ ಎದ್ದ. ಉದ್ದಕ್ಕಿದ್ದ ಹುಡುಗ, ಪಾಠದಲ್ಲಿ ಎಂದೂ ಬಾಯಿ ಬಿಟ್ಟವನಲ್ಲ. ಅವನು ಅಂದು ಬಾಯಿ ಬಿಡಬೇಕೇ! ಕೆಳಮನೆಯವರು ಮಾಡಿದ್ದೆಲ್ಲ ಬೇಕಂತಲೇ ಮಾಡಿದ್ದು, ಮೇಲ್ಮನೆಯವರದ್ದು ಮಾತ್ರ ಕರೆಂಟು ಉಳಿಸೋಕೆ, ಇದು ಹೇಗೆ ಮೇಡಂ ಎಂದು ಕೇಳಿದ. ತರಗತಿಯಲ್ಲಿ ಕಿಸಕ್ಕನೆ ನಗು. ಕಾರಣಮ್ಮನ ಕಿವಿ ಬಿಸಿಯಾಯಿತು. ತಾನೇ ಹಲ್ಲು ಚೂಪು ಮಾಡಿ ಕೊಟ್ಟ ಮರಿಗಳು ತನ್ನ ಕೈಯನ್ನೇ ಕಚ್ಚುತ್ತಿದ್ದವು.

ವಕೀಲೆ ಬಿಡಲಿಲ್ಲ. ಯುದ್ಧ ಅಂದ ಮೇಲೆ ಗಡುವಿನ ಪತ್ರ ಇರಬೇಕಲ್ಲ, ಮೇಲ್ಮನೆಯವರು ಷರತ್ತು ಹಾಕಿದ್ದರಾ ಎಂದಳು. ಇಲ್ಲ ಎಂದು ಬಿಡಬಹುದಿತ್ತು. ಆದರೆ ಇಷ್ಟು ವರ್ಷ ಆ ಬೋರ್ಡಿನ ಮುಂದೆ ನಿಂತು ಸುಳ್ಳು ಹೇಳಿ ಅಭ್ಯಾಸವಿರದ ನಾಲಿಗೆ ಅದು, ತಿರುಗಲಿಲ್ಲ. ಹಾಕಿದ್ದರು ಎಂದಳು. ಮೆಷಿನ್ ವಾಪಸು ಬರಬೇಕು, ತಾರಸಿಯ ಬೀಗದಕೈ ಕೊಡಬೇಕು, ಮಗುವನ್ನು ಮೊದಲಿನ ಹಾಗೆ ಸಂಜೆ ಮೇಲೆ ಕಳಿಸಬೇಕು, ಆಡಿದ ಮಾತಿಗೆ ಎಲ್ಲರೆದುರು ಕ್ಷಮೆ ಕೇಳಬೇಕು.

"ಉತ್ತರ ಬಂತಾ ಮೇಡಂ?"

"ಸರಿಯಾದ ಉತ್ತರ ಬರಲಿಲ್ಲ" ಎಂದಳು ಕಾರಣಮ್ಮ. 

ಆಗ ನಡುವಿನ ಡೆಸ್ಕಿನಿಂದ ಚುಕ್ಕಿ ಎದ್ದಳು. ತರಗತಿಯ ನಗು ಗಪ್ಪೆಂದು ನಿಂತಿತು.

"ಬಂತು ಮೇಡಂ. ತಗೊಂಡು ಬಂದೋಳು ನಾನು" ಎಂದಳು. "ಅಮ್ಮ ಮೆಷಿನ್ ವಾಪಸ್ ತರಿಸಿದ್ರು. ತಿರುವಿನ ತನಕ ಹೊರಿಸಿ ನನ್ನನ್ನ ಮೇಲೆ ಕಳಿಸಿದ್ರು. ನನ್ನ ಕೈಯಲ್ಲಿ ಬೀಗದಕೈ ಇತ್ತು. ಸಂಜೆ ಓದೋಕೆ ಬರ್ತೀನಿ ಅಂತ ಬ್ಯಾಗೂ ತಂದಿದ್ದೆ. ಕ್ಷಮೆ ಮನೆಯಲ್ಲೇ ಕೇಳ್ತಾರಂತೆ, ಸ್ಟಾಫ್ ರೂಮಲ್ಲಿ ಮಾತ್ರ ಬೇಡವಂತೆ ಅಂತ ಹೇಳಿದೆ. ಎಲ್ಲಾ ಒಪ್ಪಿದ್ರೆ ಬಾ, ಇಲ್ಲಾಂದ್ರೆ ನೀನೂ ಬರಬೇಡ ಅಂತ ಮೇಲ್ಮನೆಯವರು ಬಾಗಿಲು ಹಾಕಿದ್ರು."

 ಕಾರಣಮ್ಮನಿಗೆ ನಾಚಿಕೆಯಾಯಿತು. ಅದಾದ ಮರುಗಳಿಗೆಯೇ, ನಾಚಿಕೆಯಾದವರಿಗೆ ಬರುವಂಥ ಕೆಟ್ಟ ಸಿಟ್ಟು ಬಂತು. ಹೊರಗೆ ನಡಿ ಎಂದಳು. ದೊಡ್ಡವರ ವಿಷಯಕ್ಕೆ ಬಾಯಿ ಹಾಕುವ ನಿನಗೆ ನನ್ನ ಕ್ಲಾಸಿನಲ್ಲಿ ಜಾಗವಿಲ್ಲ ಎಂದಳು. ಮಕ್ಕಳೆದುರು ಆ ವಿಷಯ ತಂದದ್ದು ತಾನೇ ಎಂಬುದು ಆಗ ಅವಳ ತಲೆಗೆ ಹೋಗಲಿಲ್ಲ. ಚುಕ್ಕಿ ಇನ್ನೂ ಉಬ್ಬಿಕೊಂಡೇ ಇದ್ದ ತನ್ನ ಪುಸ್ತಕವನ್ನು ಚೀಲಕ್ಕೆ ತುರುಕಿ ಬಾಗಿಲ ತನಕ ಹೋದಳು. ಅಲ್ಲಿ ನಿಂತಳು.

"ಬೆಲ್ಜಿಯಂಗೆ ಯಾರ ಮೇಲೂ ಸಿಟ್ಟಿರಲಿಲ್ಲ ಮೇಡಂ. ಆದ್ರೂ ಎರಡೂ ಕಡೆಯವರು ಅದರ ಮೇಲೇ ನಡೆದಾಡಿದ್ರು. ನಿನಗೇನು ಬೇಕು ಅಂತ ಅದನ್ನ ಯಾರೂ ಕೇಳಲಿಲ್ಲ."

ಅವಳು ಹೋದ ಮೇಲೆ ಗಂಟೆ ಹೊಡೆಯುವವರೆಗೆ ಪಾಠ ನಡೆಯಲಿಲ್ಲ. ಮಕ್ಕಳು ತಲೆ ತಗ್ಗಿಸಿ ಏನೋ ಓದುವಂತೆ ನಟಿಸಿದರು. ಕಾರಣಮ್ಮ ಬೋರ್ಡನ್ನು ನೋಡುತ್ತ ನಿಂತಳು. ಯಾವ ದಿನ ನಿಲ್ಲಿಸಬಹುದಿತ್ತು ಎಂಬ ಮೂಲೆಯ ಮೂರನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರು ಆ ಕೋಣೆಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಬೀಗದಕೈ ಹಿಡಿದುಕೊಂಡು ನಿಂತಿದ್ದ ಮಗುವಿನ ಮುಖ ಅವಳಿಗೆ ಈಗ ಕಂಡಿತು. ಅಂದು ಬಾಗಿಲು ಹಾಕುವಾಗ ಅವಳು ಆ ಮುಖವನ್ನು ನೋಡಿಯೇ ಇರಲಿಲ್ಲ. ಕೆಳಗಿನವಳು ಹೇಗೆ ಉರಿದುಕೊಳ್ಳುತ್ತಾಳೆಂದು ಕಿವಿಗೊಟ್ಟು ನಿಂತಿದ್ದಳು.

ಕಾರಣಮ್ಮ ಕೆಟ್ಟವಳಲ್ಲ, ಆದರೆ ಏನು ಮಾಡಿದರೂ ಅರ್ಧ ಮಾಡಿ ಗೊತ್ತಿಲ್ಲ. ತಪ್ಪು ಮಾಡಿದರೆ ಗುಡ್ಡದಷ್ಟು, ತಿದ್ದಲು ಹೊರಟರೂ ಗುಡ್ಡದಷ್ಟು. ಅಂದೇ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದಾಗ ಅವಳು ಸ್ಟಾಫ್ ರೂಮಿನ ಮೇಜಿನ ತುದಿಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡಳು. ಆಟದ ಮೇಷ್ಟ್ರು ಯುದ್ಧ ಸಾರುತ್ತಾಳೆಂದುಕೊಂಡು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಅವಳು ಸಾರಿದ್ದು ಬೇರೆ. ಸಂಧಾನಕ್ಕೆ ಬಂದ ಮಗುವಿನ ಮುಖಕ್ಕೆ ಬಾಗಿಲು ಹಾಕಿದ್ದು ತಾನೆಂದೂ, ತಪ್ಪು ತನ್ನದೆಂದೂ, ತಂಗಿ ತನ್ನನ್ನು ಕ್ಷಮಿಸಬೇಕೆಂದೂ ಎಲ್ಲರಿಗೂ ಕೇಳುವಂತೆ ಹೇಳಿದಳು. ಮೇಷ್ಟ್ರ ತುತ್ತು ಗಂಟಲಲ್ಲೇ ಉಳಿಯಿತು. ಚಿತ್ರಕಲೆಯ ಮೇಡಂ ಕಣ್ಣೊರೆಸಿಕೊಳ್ಳಲು ಕೂಡಲೇ ತಯಾರಾದರು.

ತಂಗಿ ಮಕ್ಕಳ ಪ್ರಯೋಗದ ಪುಸ್ತಕ ತಿದ್ದುತ್ತಿದ್ದಳು. ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಚಿತು. ಕೆಂಪು ಪೆನ್ನಿನ ಮುಚ್ಚಳ ಹಾಕಿ ಅವಳು ನಿಧಾನವಾಗಿ ತಲೆಯೆತ್ತಿದಳು.

"ತಪ್ಪೊಪ್ಪಿಕೊಳ್ಳೋಕೂ ನಿನಗೆ ಸಭೆ ಬೇಕು. ನನ್ನ ಮಗಳನ್ನ ಕ್ಲಾಸಿಂದ ಆಚೆ ಹಾಕಿದ್ಯಲ್ಲ, ಅವಳ ಹತ್ರ ಕ್ಷಮೆ ಕೇಳಿದ್ಯಾ? ಇಲ್ಲ. ಯಾಕಂದ್ರೆ ಅಲ್ಲಿ ಚಪ್ಪಾಳೆ ತಟ್ಟೋರಿಲ್ಲ" ಎಂದಳು. "ಲಾರಿಗೆ ಹೇಳಿ ಆಗಿದೆ. ಅಲ್ಲಿ ಮನೆಯೂ ನೋಡಿ ಆಗಿದೆ. ಹೋಗು, ಊಟ ಮಾಡು."

ಪುಸ್ತಕಗಳನ್ನು ಎದೆಗವಚಿಕೊಂಡು ಅವಳು ಎದ್ದು ಹೋದಳು. ಹೊರಟ ರೈಲುಗಳ ಪಾಠವನ್ನು ವರ್ಷವರ್ಷವೂ ಮಾಡಿದ್ದ ಕಾರಣಮ್ಮನಿಗೆ ಅಂದು ಮೊದಲ ಸಲ ಆ ಸ್ಟೇಷನ್ನಿನಲ್ಲಿ ನಿಂತಂತಾಯಿತು. ತಂಗಿಯ ಮಾತು ಸುಳ್ಳಾಗಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ಸುಳ್ಳಾಗಿರಲಿಲ್ಲ.

ಲಾರಿ ಬಂದದ್ದು ರಜೆಯ ಮೊದಲ ಬೆಳಿಗ್ಗೆಯೇ. ಕೂಲಿಯವರು ಕೆಳಗಿನ ಮನೆಯ ಮಂಚ, ಕಪಾಟು, ಪಾತ್ರೆಯ ಮೂಟೆಗಳನ್ನು ಹೊತ್ತು ಹಾಕುತ್ತಿದ್ದರು. ಮೇಲಿನ ಮನೆಯಲ್ಲಿ ಕಾರಣಮ್ಮ ಬಾಗಿಲ ಚಿಲಕ ಹಿಡಿದು ನಿಂತು, ಬಿಟ್ಟು, ಮತ್ತೆ ಹಿಡಿದಳು. ಹೋಗಿ ಏನೆಂದು ಹೇಳುವುದು? ಭಾಷಣವೊಂದನ್ನು ಹೊಂದಿಸಿಟ್ಟಿದ್ದಳು, ಅದು ತನಗೇ ಸಭೆಯ ಮಾತಿನಂತೆ ಕೇಳಿಸಿ ಅರ್ಧಕ್ಕೇ ಬಿಟ್ಟಳು. ಕೊನೆಗೆ ಬರಿಗೈಯಲ್ಲಿ, ಬರಿಬಾಯಲ್ಲಿ ಮೆಟ್ಟಿಲಿಳಿದಳು. ಅಂದು ಗೋಡೆಯ ಕಡೆ ಮುಖ ಮಾಡಲಿಲ್ಲ, ಮೆಷಿನ್ನನ್ನು ನೋಡಿಕೊಂಡೇ ದಾಟಿದಳು.

ಕೆಳಗಿನ ಬಾಗಿಲು ತೆರೆದದ್ದು ಚುಕ್ಕಿ. ಕೂದಲಿಗೆಲ್ಲ ಧೂಳು. ಕಾರಣಮ್ಮ ಹೇಳಿದ್ದು ಇಷ್ಟೇ: "ಅವತ್ತು ನಿನ್ನ ಮುಖಕ್ಕೆ ಬಾಗಿಲು ಹಾಕಬಾರದಿತ್ತು. ಮೊನ್ನೆ ಆಚೆ ಕಳಿಸಲೂಬಾರದಿತ್ತು. ತಪ್ಪಾಯ್ತು."

ಹುಡುಗಿ ಬಾಗಿಲನ್ನು ಹಿಡಿದುಕೊಂಡೇ ನಿಂತಳು. ಒಳಗಿನಿಂದ ತಂಗಿ ಯಾರದು ಎಂದು ಕೇಳಿದಳು. ಉತ್ತರ ಬಾರದಿದ್ದಾಗ ಅವಳಿಗೆ ಗೊತ್ತಾಗಿರಬೇಕು, ಧೂಳು ಬರುತ್ತೆ ಬಾಗಿಲು ಹಾಕು ಎಂದು ಗದರಿದಳು.

"ನನ್ನಿಂದ ಆಗಲ್ಲಮ್ಮ" ಎಂದಳು ಚುಕ್ಕಿ, ತಿರುಗಿ ನೋಡದೆ. "ಒಂದ್ಸಲ ನನ್ನ ಮುಖಕ್ಕೆ ಹಾಕಿಸ್ಕೊಂಡಿದ್ದೀನಿ. ಬೇಕಿದ್ರೆ ನೀನೇ ಬಂದು ಹಾಕು."

ತಂಗಿ ಬಂದಳು. ಒಂದು ಕೈಯಲ್ಲಿ ಹಗ್ಗದ ಉಂಡೆ, ಮುಖ ಕೆಂಡ. ಬಾಗಿಲ ಮೇಲೆ ಕೈಯಿಟ್ಟಳು. ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. ಎದುರಿಗೆ ಕಿಟಕಿ ಪಕ್ಷವಿಲ್ಲ, ಕಪಾಟಿನ ಪಕ್ಷವಿಲ್ಲ, ಮೆಟ್ಟಿಲ ಬುಡದಲ್ಲಿ ಬರಿಗಾಲಲ್ಲಿ ನಿಂತ ಒಬ್ಬ ಹೆಂಗಸು ಮಾತ್ರ. ತಂಗಿ ಬಾಗಿಲು ಹಾಕಲಿಲ್ಲ, ಒಳಗೆ ಬಾ ಎನ್ನಲೂ ಇಲ್ಲ.

ಅಷ್ಟರಲ್ಲಿ ಮೆಟ್ಟಿಲ ತಿರುವಿನಿಂದ ಕೂಲಿಯವನ ಕೂಗು ಕೇಳಿತು. ಬೆಡ್‌ಶೀಟ್ ಸರಿಸಿ ನೋಡಿದ್ದ. ಈ ಹೊಲಿಗೆ ಮೆಷಿನ್ ಲಾರಿಗಾ, ಇಲ್ಲಿಗಾ, ಯಾರದ್ದಿದು ಎಂದು ಕೇಳಿದ.

ಕೆಳಗಿನವರನ್ನು ಕೇಳಿ ಎಂದಳು ಅಕ್ಕ. ಮೇಲಿನವರನ್ನು ಕೇಳಿ ಎಂದಳು ತಂಗಿ, ಅದೇ ಉಸಿರಿನಲ್ಲಿ. ಕೇಳದೆ ಕೊಟ್ಟಳೆಂದು ಇಷ್ಟೆಲ್ಲ ರಾಮಾಯಣವಾದ ಮೆಷಿನ್ನಿಗೆ ಈಗ ನೀನು ಹೇಳು, ನೀನು ಹೇಳು ಎಂಬ ಉಪಚಾರ! ಆ ಉಪಚಾರದಲ್ಲೂ ಹಟವೇ. ಕೂಲಿಯವನು ಹಣೆ ಒರೆಸಿಕೊಂಡು, ನಿಮ್ಮ ಜಗಳ ತೀರೋಷ್ಟರಲ್ಲಿ ಲಾರಿ ತುಕ್ಕು ಹಿಡಿಯುತ್ತೆ ಎಂದು ಗೊಣಗಿದ.

"ನಂದು" ಎಂದಳು ಚುಕ್ಕಿ.

ಅಕ್ಕ ತಂಗಿ ಇಬ್ಬರೂ ಅವಳ ಕಡೆ ತಿರುಗಿದರು.

"ಯಾರೂ ಕೇಳಲಿಲ್ಲ, ಅದಕ್ಕೇ ಹೇಳಲಿಲ್ಲ. ಅಜ್ಜಿ ಮೆಷಿನ್ ನಂದು. ನಾನು ತಗೊಂಡು ಹೋಗ್ತೀನಿ. ಕೂಲಿಯೋರು ಕುಕ್ಕಿ ಇಳಿಸ್ತಾರೆ, ಅವರು ಮುಟ್ಟೋದು ಬೇಡ. ಅಮ್ಮ, ನೀನು ಈ ಕಡೆ ಹಿಡ್ಕೋ. ಆ ಕಡೆ ನೀನು ಹಿಡ್ಕೋ, ದೊಡ್ಡಮ್ಮ."

ಕಾರಣಮ್ಮನ ಕಣ್ಣು ಮಂಜಾಯಿತು. ಮೆಟ್ಟಿಲು ಕಾಣಿಸಲಿಲ್ಲ, ಗೋಡೆ ತಡವಿಕೊಂಡೇ ಹತ್ತಿದಳು. ಮೆಷಿನ್ನಿನ ಎರಡು ತುದಿಗಳನ್ನು ಇಬ್ಬರೂ ಹಿಡಿದರು. ಕಬ್ಬಿಣದ ಕಾಲು, ಭಾರವೆಂದರೆ ಭಾರ. ಅಕ್ಕ ಮೇಲಿನ ಮೆಟ್ಟಿಲಲ್ಲಿ, ತಂಗಿ ಕೆಳಗಿನ ಮೆಟ್ಟಿಲಲ್ಲಿ, ಒಬ್ಬರ ಮುಖ ಇನ್ನೊಬ್ಬರು ನೋಡದೆ ಗತ್ಯಂತರವಿರಲಿಲ್ಲ.

"ನಿನ್ನ ಕಡೆ ಇನ್ನೂ ಎತ್ತು" ಎಂದಳು ತಂಗಿ.

"ಎತ್ತಿದ್ದೀನಿ, ಕಣ್ಣು ಕಾಣಿಸಲ್ವಾ? ನೀನು ಹಿಂದೆ ನೋಡ್ಕೊಂಡು ಇಳಿ" ಎಂದಳು ಅಕ್ಕ.

ಹಾಗೇ ಬೈದುಕೊಳ್ಳುತ್ತ ಅದನ್ನು ಲಾರಿಯವರೆಗೆ ಹೊತ್ತರು. ಚುಕ್ಕಿ ಮುಂದೆ ಮುಂದೆ ದಾರಿ ಬಿಡಿಸಿದಳು. ಲಾರಿ ಹೊರಡುವಾಗ ತಂಗಿ ಕೈ ಬೀಸಲಿಲ್ಲ. ತಾರಸಿಯ ಬೀಗದಕೈಯನ್ನು ಅಕ್ಕನ ಅಂಗೈಗೆ ಒತ್ತಿ, ಮೋಟಾರು ಆರಿಸೋದು ಮರೀಬೇಡ, ಟ್ಯಾಂಕು ಉಕ್ಕುತ್ತೆ ಎಂದಷ್ಟೇ ಹೇಳಿ ಹತ್ತಿ ಕೂತಳು. ಕಾರಣಮ್ಮ ಮೆಟ್ಟಿಲು ಹತ್ತಿ ತಿರುವಿಗೆ ಬಂದಾಗ ಮೆಷಿನ್ ನಿಂತಿದ್ದ ಜಾಗದಲ್ಲಿ ಅದರ ಕಾಲಿನ ತುಕ್ಕಿನ ಗುರುತು ಉಳಿದಿತ್ತು. ಅಭ್ಯಾಸ ಬಲದಿಂದ ಅವಳು ಗೋಡೆಯ ಕಡೆಗೆ ಸರಿದೇ ನಡೆದಳು.